ಹರವಿಯ ನೀರು ಮತ್ತು ಎಲೆಯ ಮೇಲಿನ ಉಂಗುರ: ಆಫ್ರಿಕನ್ ವಯೊಲೆಟ್ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: "ನಾವು ಬಾಗಲಕೋಟೆಯ ನವನಗರದಲ್ಲಿದ್ದೇವೆ. ಕಳೆದ ಡಿಸೆಂಬರಿನಲ್ಲಿ ಬೆಳಗಾವಿಯಿಂದ ಮೂರು ಆಫ್ರಿಕನ್ ವಯೊಲೆಟ್ ಗಿಡ ತಂದು ಪೂರ್ವದ ಕಿಟಕಿಯಲ್ಲಿಟ್ಟೆ. ಶಿವರಾತ್ರಿಯವರೆಗೆ ಚೆನ್ನಾಗಿ ಹೂ ಬಿಟ್ಟವು. ನೀರು ಶುದ್ಧಮಾಡುವ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಹಾಳುಮಾಡಬಾರದೆಂದು ಬಕೆಟ್ಟಿನಲ್ಲಿ ಹಿಡಿದು ಅದನ್ನೇ ಹಾಕುತ್ತಿದ್ದೆ. ಮಾರ್ಚಿನಲ್ಲಿ ಬಿಸಿಲು ಏರಿದ ಮೇಲೆ ಗಿಡಕ್ಕೆ ತಂಪಾಗಲೆಂದು ಹರವಿಯ (ಕುಡಿಯುವ ನೀರಿನ ಮಣ್ಣಿನ ಗಡಿಗೆಯ) ನೀರನ್ನು ಎಲೆಗಳ ಮೇಲೂ ಚಿಮುಕಿಸಿದೆ. ಈಗ ಎಲೆಗಳ ಮೇಲೆ ಹಳದಿ ಉಂಗುರಗಳು ಎದ್ದಿವೆ, ನಡುವಿನ ಎಲೆಗಳು ಸಣ್ಣದಾಗಿ ಬಿಗಿದುಕೊಂಡಿವೆ. ಮಣ್ಣಿನ ಕುಂಡದಲ್ಲಿದ್ದ ಒಂದು ಗಿಡದ ಎಲೆತೊಟ್ಟುಗಳು ಅಂಚಿನಲ್ಲಿ ಕೊಳೆತು ಗಿಡವೇ ಸತ್ತಿತು. ಎಲೆಗೆ ನೀರು ತಾಗಿದರೆ ಬಿಸಿಲಿಗೆ ಸುಡುತ್ತದೆ ಎಂದು ಪಕ್ಕದ ಮನೆಯವರು, ಈ ಗಿಡ ನಮ್ಮ ಬಿಸಿಲಿಗೆ ಆಗುವುದೇ ಇಲ್ಲ ಎಂದು ಮನೆಯವರು ಹೇಳುತ್ತಾರೆ. ನೀರಿನ ಸೀಸೆಯಲ್ಲಿಟ್ಟ ಎಲೆಗೆ ಬೇರು ಬಂದು ಎರಡು ತಿಂಗಳಾದರೂ ಮರಿ ಬಂದಿಲ್ಲ. ಇದರ ಜೊತೆಗೆ, ವಯೊಲೆಟ್ ಎಲೆಯ ಕಷಾಯ ಕೆಮ್ಮಿಗೆ ಒಳ್ಳೆಯದು ಎಂಬ ವಾಟ್ಸಾಪ್ ಸಂದೇಶ ನೋಡಿ ನಮ್ಮ ಅತ್ತೆಯವರು, ಇದೂ ದೊಡ್ಡಪತ್ರೆಯ ಹಾಗೇ ದಪ್ಪ ಎಲೆಯಲ್ಲವೇ, ಮೊಮ್ಮಗನಿಗೆ ಕೊಡಬಹುದೇ ಎಂದು ಕೇಳುತ್ತಿದ್ದಾರೆ. ದಯವಿಟ್ಟು ತಿಳಿಸಿ."

ಉತ್ತರ: ಕಷಾಯದ ಪ್ರಶ್ನೆಯಲ್ಲಿ ಮಗುವೊಂದು ಇರುವುದರಿಂದ ಅದನ್ನೇ ಮೊದಲು ಮುಗಿಸುತ್ತೇನೆ. ದಯವಿಟ್ಟು ಕೊಡಬೇಡಿ. ಸಂದೇಶದಲ್ಲಿ ಹೇಳಿರುವ ವಯೊಲೆಟ್ ಬೇರೆ, ನಿಮ್ಮ ಕಿಟಕಿಯಲ್ಲಿರುವುದು ಬೇರೆ. ಯುನಾನಿ ವೈದ್ಯರು ಕೆಮ್ಮು ನೆಗಡಿಗೆ ಬಳಸುವ ಬನಫ್ಶಾ ಎಂಬುದು ವಯೋಲಾ ಕುಲದ ಸಸ್ಯ; ಹಿಮಾಲಯದ ಕಡೆಯಿಂದ ಒಣಗಿದ ರೂಪದಲ್ಲಿ ಬರುತ್ತದೆ. ಆಫ್ರಿಕನ್ ವಯೊಲೆಟ್ಟಿಗೂ ಅದಕ್ಕೂ ಹೂವಿನ ಬಣ್ಣ ಬಿಟ್ಟರೆ ಯಾವ ನಂಟೂ ಇಲ್ಲ, ಕುಟುಂಬವೂ ಬೇರೆ. 1892ರಲ್ಲಿ ಇಂದಿನ ಟಾಂಜಾನಿಯಾದ ಉಸಂಬರಾ ಬೆಟ್ಟಗಳ ಕಡೆ ಜರ್ಮನ್ ಅಧಿಕಾರಿ ವಾಲ್ಟರ್ ಫಾನ್ ಸೇಂಟ್ ಪಾಲ್ ಇಲೇರ್ ಅವರ ಕಣ್ಣಿಗೆ ಈ ಗಿಡ ಬಿದ್ದು ಜರ್ಮನಿಗೆ ಹೋಯಿತು. ಮರುವರ್ಷ ಹ್ಯಾನೋವರಿನ ಹೆರೆನ್‌ಹೌಸನ್ ಉದ್ಯಾನದ ಹರ್ಮನ್ ವೆಂಡ್ಲಾಂಡ್ ಅದಕ್ಕೆ ಸೇಂಟ್‌ಪೌಲಿಯಾ ಅಯೊನಾಂಥಾ ಎಂದು ಹೆಸರಿಟ್ಟರು. ಅಯೊನಾಂಥಾ ಎಂದರೆ ವಯೊಲೆಟ್ಟಿನಂಥ ಹೂವುಳ್ಳದ್ದು ಎಂದಷ್ಟೇ ಅರ್ಥ. ಅಂದಿನ ಆ ಹೋಲಿಕೆಯೇ ಇಂದು ನಿಮ್ಮ ಅತ್ತೆಯವರ ಮೊಬೈಲಿಗೆ ಕಷಾಯವಾಗಿ ಬಂದು ತಲುಪಿದೆ. ಇತ್ತೀಚೆಗೆ ಸಸ್ಯಶಾಸ್ತ್ರಜ್ಞರು ಈ ಗಿಡವನ್ನು ಸ್ಟ್ರೆಪ್ಟೊಕಾರ್ಪಸ್ ಕುಲಕ್ಕೆ ಸೇರಿಸಿದ್ದಾರೆ. ಮಾರಾಟಗಾರರು ಯಾವ ಹೆಸರು ಹೇಳಿದರೂ ಗಿಡ ಒಂದೇ.

ದೊಡ್ಡಪತ್ರೆಯ ಹೋಲಿಕೆ ಸಹಜವಾದದ್ದೇ. ಎರಡರ ಎಲೆಯೂ ದಪ್ಪ, ಎರಡಕ್ಕೂ ರೋಮ. ಆದರೆ ದೊಡ್ಡಪತ್ರೆ ತುಳಸಿಯ ಕುಟುಂಬದ್ದು. ಅದರ ಎಲೆಯನ್ನು ಬೆರಳಲ್ಲಿ ಹಿಸುಕಿದರೆ ಓಮಿನಂಥ ವಾಸನೆ ಬರುತ್ತದೆ, ಏಕೆಂದರೆ ಅದರಲ್ಲಿ ಕಾರ್ವಾಕ್ರಾಲ್, ಥೈಮಾಲ್ ಎಂಬ ತೈಲಾಂಶಗಳಿವೆ. ವಯೊಲೆಟ್ಟಿನ ಉದುರಿದ ಎಲೆಯೊಂದನ್ನು ಅತ್ತೆಯವರ ಕೈಯಲ್ಲೇ ಹಿಸುಕಿಸಿ ಮೂಸಲು ಹೇಳಿ; ಹಸಿ ಸೊಪ್ಪಿನ ವಾಸನೆಯ ಹೊರತು ಏನೂ ಬರದು. ನನ್ನ ಅನುಭವದಲ್ಲಿ ಹಿರಿಯರನ್ನು ಒಪ್ಪಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹಾಗೆಂದು ಈ ಗಿಡ ವಿಷವೂ ಅಲ್ಲ. ಬೆಕ್ಕು ನಾಯಿಗಳಿಗೂ ಅಪಾಯವಿಲ್ಲದ ಗಿಡಗಳ ಪಟ್ಟಿಯಲ್ಲಿ ಇದು ಇದೆ, ಮಗು ಒಂದು ಎಲೆಯನ್ನು ಬಾಯಿಗೆ ಹಾಕಿಕೊಂಡರೆ ಗಾಬರಿಪಡಬೇಕಾಗಿಲ್ಲ. ನನಗೆ ಹೆದರಿಕೆ ಇರುವುದು ಎಲೆಯ ಒಳಗೆ ಸೇರಿರಬಹುದಾದ ಔಷಧದ ಬಗ್ಗೆ. ಹೂಗಿಡಗಳನ್ನು ಬೆಳೆಸುವ ನಮ್ಮಂಥವರು ಬೇರಿನಿಂದ ಹೀರಿ ಎಲೆಗೆ ಏರುವ ಕೀಟನಾಶಕಗಳನ್ನು ಬಳಸುತ್ತೇವೆ. ಅಲಂಕಾರದ ಗಿಡವನ್ನು ಯಾರೂ ತಿನ್ನುವುದಿಲ್ಲ ಎಂಬ ಲೆಕ್ಕದ ಮೇಲೆಯೇ ಅದನ್ನು ಹಾಕಿರುತ್ತೇವೆ. ತೊಳೆದರೆ ಅದು ಹೋಗುವುದಿಲ್ಲ.

ಇನ್ನು ಗಿಡದ ವಿಷಯ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗನಿಸಿದ್ದು, ನಿಮ್ಮ ಗಿಡವನ್ನು ಕೆಡಿಸಿದ್ದು ಬಿಸಿಲಿಗಿಂತ ಹೆಚ್ಚಾಗಿ ನೀರು. ಅದೂ ಒಂದಲ್ಲ, ಎರಡು ಬೇರೆ ಬೇರೆ ಬಗೆಯಲ್ಲಿ. ನೀವು ಕಾಳಜಿಯಿಂದ ಮಾಡಿದ ಎರಡು ಕೆಲಸಗಳೇ, ಅಂದರೆ ನೀರು ಹಾಳಾಗದಿರಲಿ ಎಂದು ಹಿಡಿದ ಬಕೆಟ್ಟು ಮತ್ತು ಗಿಡ ತಂಪಾಗಲಿ ಎಂದು ಚಿಮುಕಿಸಿದ ಹರವಿಯ ನೀರು, ಈ ಎರಡು ಬಗೆಯ ಹಾನಿಗೆ ಕಾರಣವಾಗಿವೆ.

ಮೊದಲು ಉಂಗುರಗಳು. ಆಫ್ರಿಕನ್ ವಯೊಲೆಟ್ಟಿನ ಎಲೆಗೆ ಒಂದು ವಿಚಿತ್ರ ದೌರ್ಬಲ್ಯವಿದೆ: ಬೆಚ್ಚಗಿರುವ ಎಲೆ ಒಮ್ಮೆಗೇ ತಣ್ಣಗಾದರೆ ಮೇಲ್ಪದರದ ಕೆಳಗಿರುವ ಜೀವಕೋಶಗಳ ಒಳಚೀಲ ಒಡೆದು ಪತ್ರಹರಿತ್ತು ನಾಶವಾಗುತ್ತದೆ, ಮತ್ತು ಹನಿ ನಿಂತಿದ್ದ ಆಕಾರದಲ್ಲೇ ಹಳದಿ ಅಥವಾ ಬಿಳಿಚಿದ ಉಂಗುರ ಉಳಿಯುತ್ತದೆ. ಎಲೆಗೂ ನೀರಿಗೂ ಎಂಟು ಹತ್ತು ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ ಇದಕ್ಕೆ ಸಾಕು. ತಣ್ಣನೆಯ ದೇಶಗಳಲ್ಲಿ ನಲ್ಲಿಯ ನೀರೇ ಈ ಕೆಲಸ ಮಾಡುತ್ತದೆ. ನಮ್ಮಲ್ಲಿ ನಲ್ಲಿಯ ನೀರು ಬಿಸಿಯಾಗಿರುವುದರಿಂದ ಈ ತೊಂದರೆ ಬರುವುದಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಆದರೆ ನಮ್ಮ ಒಣಹವೆಯಲ್ಲಿ ಹರವಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಏಪ್ರಿಲ್ ಮಧ್ಯಾಹ್ನ ಕೋಣೆ 36 ಡಿಗ್ರಿ ಇದ್ದಾಗ ಹರವಿಯೊಳಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ 25ರ ಆಸುಪಾಸು ತೋರಿಸುತ್ತದೆ. ನಮ್ಮ ಗಂಟಲಿಗೆ ಹಿತವಾದ ಆ ಅಂತರವೇ ಎಲೆಯ ಜೀವಕೋಶಕ್ಕೆ ಪೆಟ್ಟು.

ಹಾಗಾದರೆ ಪಕ್ಕದ ಮನೆಯವರ ಮಾತು? ಹನಿ ಭೂತಗನ್ನಡಿಯಂತೆ ವರ್ತಿಸಿ ಎಲೆಯನ್ನು ಸುಡುತ್ತದೆ ಎಂಬ ನಂಬಿಕೆಯನ್ನು ಹಂಗೇರಿಯ ಸಂಶೋಧಕರು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ನುಣುಪಾದ ಎಲೆಯ ಮೇಲೆ ಹನಿ ಚಪ್ಪಟೆಯಾಗಿ ಅಂಟಿಕೊಳ್ಳುವುದರಿಂದ ಸುಡುವುದಿಲ್ಲ, ಆದರೆ ರೋಮಗಳು ಹನಿಯನ್ನು ಮೇಲೆತ್ತಿ ಹಿಡಿಯುವಂಥ ಎಲೆಗಳಲ್ಲಿ ಸುಡುವ ಸಾಧ್ಯತೆ ಇದೆ ಎಂಬುದು ಅವರು ಕಂಡದ್ದು. ಅಂದರೆ ನೇರ ಬಿಸಿಲಿನಲ್ಲಿ ಎಲೆ ಒದ್ದೆಯಾಗಿರಬಾರದು ಎಂಬಷ್ಟರ ಮಟ್ಟಿಗೆ ಆ ಮಾತು ಸರಿ; ಎಲೆಗೆ ನೀರೇ ತಾಗಬಾರದು ಎನ್ನುವುದು ತಪ್ಪು. ಈ ಗಿಡದ ಎಲೆಯನ್ನು ತೊಳೆಯಲೇಬೇಕು, ವಿಶೇಷವಾಗಿ ಸುಣ್ಣಕಲ್ಲಿನ ಧೂಳು ಹಾರುವ ನಿಮ್ಮ ಊರಿನಲ್ಲಿ. ತಿಂಗಳಿಗೊಮ್ಮೆ, ಅದೇ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟಿದ್ದ ನೀರಿನಿಂದ, ನೆರಳಿನಲ್ಲಿ, ಗಿಡವನ್ನು ಓರೆಯಾಗಿ ಹಿಡಿದು ತೊಳೆಯಿರಿ. ಆಮೇಲೆ ಸುಳಿಯಲ್ಲಿ ನಿಂತ ನೀರನ್ನು ಹತ್ತಿಬಟ್ಟೆಯ ಮೂಲೆಯಿಂದ ಹೀರಿಸಿ, ಒಣಗಿದ ಮೇಲಷ್ಟೇ ಕಿಟಕಿಗೆ ಹಿಂತಿರುಗಿಸಿ. ನಡುನಡುವೆ ಮಕ್ಕಳ ಚಿತ್ರ ಬಿಡಿಸುವ ಕುಂಚದಿಂದ ಧೂಳು ಕೊಡವಿದರೆ ಸಾಕು. ಕೊಬ್ಬರಿ ಎಣ್ಣೆ, ಹಾಲು ಹಚ್ಚಿ ಎಲೆ ಹೊಳೆಯಿಸುವ ರೂಢಿ ಈ ಗಿಡಕ್ಕೆ ಬೇಡ. ಈಗ ಬಿದ್ದಿರುವ ಉಂಗುರಗಳು ಹೋಗುವುದಿಲ್ಲ, ಹರಡುವುದೂ ಇಲ್ಲ. ಅದು ರೋಗವಲ್ಲದ್ದರಿಂದ ಯಾವ ಔಷಧವನ್ನೂ ಸಿಂಪಡಿಸಬೇಕಾಗಿಲ್ಲ.

ಎರಡನೆಯದು ಇದಕ್ಕಿಂತ ಗಂಭೀರ. ಶುದ್ಧೀಕರಣ ಯಂತ್ರ ಮಾಡುವ ಕೆಲಸವೆಂದರೆ ಉಪ್ಪಿನಂಶವನ್ನೆಲ್ಲ ಒಂದು ಕಡೆಗೆ ತಳ್ಳುವುದು. ಒಂದು ಲೀಟರ್ ಕುಡಿಯುವ ನೀರು ಬಂದಾಗ ಎರಡು ಲೀಟರ್ ಹೊರಬಿದ್ದರೆ, ಮೂರು ಲೀಟರಿನ ಲವಣವೆಲ್ಲ ಹೆಚ್ಚುಕಡಿಮೆ ಆ ಎರಡು ಲೀಟರಿನಲ್ಲೇ ಸೇರಿರುತ್ತದೆ. ನಮ್ಮ ಭಾಗದ ಬೋರುಗಳ ನೀರು ಮೊದಲೇ ಗಡಸು, ಕೆಲವು ಕಡೆ ಸವಳು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಾಗ 2000ದವರೆಗೆ ಸಹಿಸಿಕೊಳ್ಳಬಹುದು. ಆಫ್ರಿಕನ್ ವಯೊಲೆಟ್ಟಿಗೆ 200ರ ಒಳಗಿದ್ದರೆ ಒಳ್ಳೆಯದು. ಬಾಗಲಕೋಟೆ, ವಿಜಯಪುರದ ಗ್ರಾಹಕರು ಸೀಸೆಯಲ್ಲಿ ತಂದುಕೊಟ್ಟ ಬೋರಿನ ನೀರಿನಲ್ಲಿ ನನ್ನ ಮೀಟರು ಸಾವಿರ ದಾಟಿದ್ದನ್ನು ಅನೇಕ ಸಲ ನೋಡಿದ್ದೇನೆ. ಅದರ ಒಂದೂವರೆ ಪಟ್ಟನ್ನು ಮೂರು ತಿಂಗಳು ಕುಡಿದ ಗಿಡದ ಸ್ಥಿತಿಯನ್ನು ನೀವೇ ಊಹಿಸಿ.

ಈ ಉಪ್ಪು ಕುಂಡದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಸತ್ತ ಗಿಡದ ಕಥೆ ಅಲ್ಲೇ ಇದೆ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಮಣ್ಣಿನ ಕುಂಡದ ಗೋಡೆ ನೀರನ್ನು ಹೀರಿ ಮೇಲಿನ ಅಂಚಿನವರೆಗೂ ಒಯ್ಯುತ್ತದೆ, ಅಂಚಿನಲ್ಲಿ ನೀರು ಆರಿ ಉಪ್ಪು ಬಿಳಿಯ ಪೊರೆಯಾಗಿ ಕಟ್ಟುತ್ತದೆ. ವಯೊಲೆಟ್ಟಿನ ಹೊರಸುತ್ತಿನ ಎಲೆಗಳ ತೊಟ್ಟು ಸರಿಯಾಗಿ ಆ ಅಂಚಿನ ಮೇಲೆಯೇ ಮಲಗಿರುತ್ತದೆ. ಉಪ್ಪು ತಾಗಿದ ಜಾಗ ಮೊದಲು ಕಂದಾಗಿ ಸೊರಗುತ್ತದೆ, ಆಮೇಲೆ ಮೆತ್ತಗಾಗಿ ಕೊಳೆಯುತ್ತದೆ, ಆ ಕೊಳೆ ಕೆಲವೊಮ್ಮೆ ಕಾಂಡಕ್ಕೆ ಇಳಿಯುತ್ತದೆ. ಸತ್ತ ಗಿಡದ ಕುಂಡವನ್ನು ಇನ್ನೂ ಎಸೆದಿರದಿದ್ದರೆ ಅದರ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಸುಣ್ಣದ ಪುಡಿಯಂಥದ್ದು ಉದುರಿದರೆ ಕಾರಣ ಸಿಕ್ಕಂತೆಯೇ. ಗಡಸು ನೀರಿನಲ್ಲಿ ಇನ್ನೊಂದು ಕೆಡುಕೂ ಇದೆ. ಅದರ ಬೈಕಾರ್ಬೊನೇಟ್ ಅಂಶ ಮಣ್ಣನ್ನು ದಿನೇ ದಿನೇ ಕ್ಷಾರದ ಕಡೆಗೆ ಎಳೆಯುತ್ತದೆ. ಈ ಗಿಡಕ್ಕೆ ಬೇಕಾದ ರಸಸಾರ (ಪಿಎಚ್) ಸುಮಾರು 6ರಿಂದ 6.5. ಅದು 7.5 ದಾಟಿತೆಂದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಸಿಗದೆ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಬಿಳಿಚುತ್ತವೆ.

ನಡುವಿನ ಎಲೆಗಳು ಬಿಗಿದುಕೊಂಡಿರುವುದಕ್ಕೂ ಉಪ್ಪೇ ಕಾರಣವಿರಬಹುದು, ಆದರೆ ಇಲ್ಲಿ ನಾನು ಒಂದು ಎಚ್ಚರಿಕೆ ಹೇಳಲೇಬೇಕು. ಸೈಕ್ಲಮೆನ್ ನುಸಿ ಎಂಬ, ಬರಿಗಣ್ಣಿಗೆ ಕಾಣದ ಜೀವಿ ಸುಳಿಯಲ್ಲಿ ಸೇರಿಕೊಂಡಾಗಲೂ ಇದೇ ಲಕ್ಷಣ ಕಾಣುತ್ತದೆ. ಭೇದ ಹೀಗಿದೆ: ಉಪ್ಪಿನಿಂದಾದರೆ ಎಳೆಯೆಲೆಗಳ ರೋಮದ ತುದಿಯಲ್ಲಿ ತುಕ್ಕಿನ ಬಣ್ಣದ ಹರಳುಗಳು ಕಾಣುತ್ತವೆ, ಕುಂಡದ ಅಂಚಿನಲ್ಲಿ ಪೊರೆ ಇರುತ್ತದೆ. ನುಸಿಯಾದರೆ ಎಳೆಯೆಲೆಗಳು ಬೂದು ಬಣ್ಣಕ್ಕೆ ತಿರುಗಿ, ರೋಮ ಒತ್ತಾಗಿ, ಮುಟ್ಟಿದರೆ ಪಟ್ಟನೆ ಮುರಿಯುವಂತಾಗುತ್ತವೆ, ಮೊಗ್ಗುಗಳು ಸೊಟ್ಟಗಾಗುತ್ತವೆ, ಮುಖ್ಯವಾಗಿ, ಒಂದು ಗಿಡದಿಂದ ಪಕ್ಕದ ಗಿಡಕ್ಕೆ ದಾಟುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ ಇದ್ದರೆ ಹರಳನ್ನು ಗುರುತಿಸಬಹುದು. ನುಸಿ ಎಂದು ಖಚಿತವಾದರೆ ಔಷಧಗಳಿವೆ, ಆದರೆ ಎರಡು ಕುಂಡಕ್ಕಾಗಿ, ಮಗು ಓಡಾಡುವ ಮನೆಯ ಕಿಟಕಿಯಲ್ಲಿ ಅವನ್ನು ಸಿಂಪಡಿಸಿ ಎಂದು ನಾನು ಹೇಳಲಾರೆ. ಅಂಥ ಗಿಡವನ್ನು ಚೀಲದಲ್ಲಿ ಕಟ್ಟಿ ಎಸೆದು, ಸೋಪಿನಿಂದ ಕೈ ತೊಳೆದು ಇನ್ನೊಂದನ್ನು ಮುಟ್ಟಿ. ನಿಮ್ಮ ಬಕೆಟ್ಟಿನ ಕಥೆ ಕೇಳಿದ ಮೇಲೆ ನನಗೆ ಹೆಚ್ಚು ಅನುಮಾನ ಇರುವುದು ಉಪ್ಪಿನ ಮೇಲೆಯೇ.

ಹಾಗಿದ್ದರೆ ಯಾವ ನೀರು ಹಾಕಬೇಕು? ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಮುಂದಿನ ಮಳೆಗಾಲದಲ್ಲಿ, ಮೊದಲ ಒಂದೆರಡು ಮಳೆ ಮಾಳಿಗೆಯ ಧೂಳು ತೊಳೆದ ಮೇಲೆ ಹಿಡಿದಿಟ್ಟರೆ, ಮುಚ್ಚಿದ ಎರಡು ಕ್ಯಾನು ನೀರು ಎರಡು ಗಿಡಕ್ಕೆ ತಿಂಗಳುಗಟ್ಟಲೆ ಬರುತ್ತದೆ. ಯಂತ್ರದ ಒಳ್ಳೆಯ ನೀರು, ಅಂದರೆ ನೀವು ಕುಡಿಯುವ ನೀರು, ಈಗ ಕೈಗೆ ಸಿಗುವ ದಾರಿ. ಎರಡು ಗಿಡಕ್ಕೆ ವಾರಕ್ಕೆ ಅರ್ಧ ಲೀಟರ್ ಕೂಡ ಬೇಕಾಗುವುದಿಲ್ಲ. ಅದರಲ್ಲಿ ಸುಣ್ಣ, ಮೆಗ್ನೀಸಿಯಂ ತೀರ ಕಡಿಮೆ ಇರುವುದರಿಂದ ಮೂರು ಪಾಲಿಗೆ ಒಂದು ಪಾಲು ಸಾದಾ ನಲ್ಲಿ ನೀರು ಬೆರೆಸಿ. ಏಸಿಯಿಂದ ಹನಿಯುವ ನೀರಿನಲ್ಲಿಯೂ ಉಪ್ಪಿಲ್ಲ. ಏಸಿಯನ್ನು ತೊಳೆಸಿದ ವಾರದ ನೀರನ್ನು ಮಾತ್ರ ಬಿಟ್ಟುಬಿಡಿ, ತೊಳೆಯುವ ರಾಸಾಯನಿಕ ಉಳಿದಿರಬಹುದು. ಗಡಸು ನೀರನ್ನು ಮೃದುಮಾಡುವ ಉಪಕರಣದ ನೀರು ಬೇಡವೇ ಬೇಡ, ಅದು ಸುಣ್ಣವನ್ನು ತೆಗೆದು ಸೋಡಿಯಂ ಕೊಡುತ್ತದೆ. ಮಾಳಿಗೆಯ ಟ್ಯಾಂಕಿನಿಂದ ನೇರ ಬರುವ ಮಧ್ಯಾಹ್ನದ ನೀರು ಬೇರನ್ನೇ ಬೇಯಿಸುತ್ತದೆ ಎಂಬ ಭಯ ನಿಮಗಿದ್ದರೆ ಅದು ನ್ಯಾಯವಾದದ್ದು. ಪರಿಹಾರ ಹರವಿಯಲ್ಲ, ಗಿಡದ ಪಕ್ಕದಲ್ಲೇ ರಾತ್ರಿ ತುಂಬಿಟ್ಟ ತಂಬಿಗೆ.

ಬತ್ತಿಯಿಂದ ನೀರುಣಿಸುವ ಪದ್ಧತಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಕುಂಡದ ತಳದಿಂದ ಅಕ್ರಿಲಿಕ್ ಉಣ್ಣೆಯ ಎಳೆಯೊಂದನ್ನು ಕೆಳಗಿನ ಡಬ್ಬಿಯ ನೀರಿಗೆ ಬಿಟ್ಟರೆ ಗಿಡ ತನಗೆ ಬೇಕಾದಷ್ಟು ಹೀರುತ್ತದೆ; ಊರಿಗೆ ಹೋಗುವವರಿಗೆ ಅನುಕೂಲ. ಆದರೆ ನೀರು ಸದಾ ಕೆಳಗಿನಿಂದ ಮೇಲಕ್ಕೆ ಹೋಗುವುದರಿಂದ ಉಪ್ಪೆಲ್ಲ ಮೇಲ್ಮಣ್ಣಿನಲ್ಲಿ ಸೇರುತ್ತದೆ, ಗಡಸು ನೀರಿನ ಊರಿನಲ್ಲಿ ಬತ್ತಿ ಹಾಕಿದವರ ಗಿಡ ಹಾಕದವರ ಗಿಡಕ್ಕಿಂತ ಬೇಗ ಕೆಟ್ಟದ್ದನ್ನು ಕಂಡಿದ್ದೇನೆ. ಮೊದಲು ನೀರು ಸರಿಯಾಗಲಿ.

ಬಿಸಿಲಿನ ಬಗ್ಗೆ ನಿಮ್ಮ ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಉಸಂಬರಾದಲ್ಲಿ ಈ ಗಿಡಗಳು ಕಾಡಿನ ನೆರಳಿನಲ್ಲಿ, ಪಾಚಿಗಟ್ಟಿದ ಬಂಡೆಗಳ ಸಂದಿನಲ್ಲಿ ಬೆಳೆಯುವಂಥವು. 18ರಿಂದ 27 ಡಿಗ್ರಿ ಅವಕ್ಕೆ ಹಿತ. ಬೆಳಗಾವಿಯ ಹವೆ ಅದಕ್ಕೆ ಸ್ವಲ್ಪ ಹತ್ತಿರವಿರುವುದರಿಂದ ನನಗೆ ಇಲ್ಲಿ ಸುಲಭ. ನಿಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೂ ನಿರೀಕ್ಷಿಸಬೇಡಿ, ಮೊಗ್ಗು ಬಂದರೂ ಕಿತ್ತುಹಾಕಿ. ಆ ಎರಡು ತಿಂಗಳು ಗಿಡ ಬದುಕಿದರೆ ಸಾಕು. ಮನೆಯ ಅತಿ ತಂಪಾದ ಒಳಕೋಣೆಗೆ ಒಯ್ದು, ಗಿಡದಿಂದ ಒಂದಡಿ ಮೇಲೆ ಸಾದಾ ಎಲ್‌ಇಡಿ ಟ್ಯೂಬನ್ನು ದಿನಕ್ಕೆ ಹನ್ನೆರಡು ತಾಸು ಉರಿಸಿ, ರಾತ್ರಿ ಕತ್ತಲೆ ಇರಲಿ. ತಟ್ಟೆಯಲ್ಲಿ ಕಲ್ಲುಹರಳು ಹಾಕಿ ನೀರು ನಿಲ್ಲಿಸಿ, ಕುಂಡದ ತಳ ನೀರಿಗೆ ತಾಗದಂತೆ ಅದರ ಮೇಲಿಡಿ. ಕೂಲರಿನ ಗಾಳಿ ನೇರ ಬಡಿಯಬಾರದು.

ಉಳಿದ ಎರಡು ಗಿಡಗಳಿಗೆ ಈಗ ಮಾಡಬೇಕಾದದ್ದು ಉಪ್ಪು ತೊಳೆಯುವ ಕೆಲಸ. ಕುಂಡದ ಗಾತ್ರದ ಮೂರು ನಾಲ್ಕು ಪಟ್ಟು ಒಳ್ಳೆಯ ನೀರನ್ನು ಮೇಲಿನಿಂದ ನಿಧಾನವಾಗಿ ಹಾಯಿಸಿ, ಪೂರ್ತಿ ಬಸಿದುಹೋಗಲು ಬಿಡಿ, ತಟ್ಟೆಯ ನೀರನ್ನು ಚೆಲ್ಲಿ. ಇದರಲ್ಲಿ ಅಪಾಯವಿಲ್ಲದಿಲ್ಲ: ಬೇರು ಆಗಲೇ ಕೊಳೆತಿದ್ದರೆ ಇಷ್ಟು ನೀರು ಅದನ್ನು ಮುಗಿಸಿಬಿಡುತ್ತದೆ. ಆದ್ದರಿಂದ ಮೊದಲು ಗಿಡವನ್ನು ಮೆಲ್ಲನೆ ಹೊರತೆಗೆದು ಬೇರು ನೋಡಿ. ಬೆಳ್ಳಗೆ ಬಿಗಿಯಾಗಿದ್ದರೆ ತೊಳೆಯಿರಿ. ಕಂದಾಗಿ ಮೆತ್ತಗಿದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸ ಮಿಶ್ರಣದಲ್ಲಿ ನೆಡಿ. ಮಿಶ್ರಣಕ್ಕೆ ನಮ್ಮ ಎರಿ ಮಣ್ಣು ಒಂದು ಮುಷ್ಟಿಯೂ ಬೇಡ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್, ಒಂದು ಪಾಲು ವರ್ಮಿಕ್ಯುಲೈಟ್ (ಇವೆರಡೂ ಹಗುರವಾದ ಖನಿಜದ ಹರಳುಗಳು) ಸಾಕು. ಕೋಕೋಪೀಟನ್ನು ಮೂರು ಸಲವಾದರೂ ಒಳ್ಳೆಯ ನೀರಿನಲ್ಲಿ ನೆನೆಸಿ ಹಿಂಡಿ, ತೆಂಗಿನ ನಾರಿನಲ್ಲೂ ಉಪ್ಪಿರುತ್ತದೆ. ಒಂದು ಮೇ ತಿಂಗಳಲ್ಲಿ ಅವಸರಕ್ಕೆ ತೊಳೆಯದ ಕೋಕೋಪೀಟಿನಲ್ಲಿ ನಲವತ್ತು ಎಲೆ ನೆಟ್ಟು, ನಲವತ್ತನ್ನೂ ಕಳೆದುಕೊಂಡವನು ನಾನು. ಕುಂಡ ಪ್ಲಾಸ್ಟಿಕ್ಕಿನದಿರಲಿ, ಅಗಲ ಗಿಡದ ಹರವಿನ ಮೂರನೇ ಒಂದು ಭಾಗ ಮಾತ್ರ. ಗೊಬ್ಬರವನ್ನು ಮಳೆಗಾಲದವರೆಗೆ ನಿಲ್ಲಿಸಿ. ಆಮೇಲೂ ಎಲ್ಲೆಡೆ ಸಿಗುವ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲಿರುವ) ಗೊಬ್ಬರವನ್ನು ನಾನು ಇದಕ್ಕೆ ಹಾಕುವುದಿಲ್ಲ. ಅದರ ಸಾರಜನಕದ ಹೆಚ್ಚಿನ ಪಾಲು ಯೂರಿಯಾ ರೂಪದ್ದು, ಈ ಗಿಡದ ಎಳೆಬೇರಿಗೆ ಅದು ಸಹನೆಯಾಗದು.

ಕೊನೆಗೆ ನಿಮ್ಮ ಸೀಸೆಯ ಎಲೆ. ಈ ಗಿಡದ ಎಲೆಗೆ ನಿಜವಾದ ಉಪಯೋಗವಿರುವುದು ಇಲ್ಲಿಯೇ. ಕಾಡುಬಸಳೆಯ ಎಲೆಯ ಅಂಚಿನಲ್ಲಿ ಮರಿ ಮೂಡುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ಮರಿಯ ಮೊಳಕೆ ಎಲೆಯಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ವಯೊಲೆಟ್ಟಿನಲ್ಲಿ ಹಾಗಿಲ್ಲ, ತೊಟ್ಟು ಕತ್ತರಿಸಿದ ಜಾಗದ ಹೊರಪದರದ ಜೀವಕೋಶಗಳು ಹೊಸದಾಗಿ ಗಿಡವನ್ನು ಕಟ್ಟಬೇಕು, ಆದ್ದರಿಂದ ಬೇರು ಮೂರು ನಾಲ್ಕು ವಾರಕ್ಕೆ ಬಂದರೂ ಮರಿಗೆ ಎರಡರಿಂದ ಮೂರು ತಿಂಗಳು ಹಿಡಿಯುತ್ತದೆ, ಸೆಕೆಯಲ್ಲಿ ಇನ್ನೂ ತಡ. ನಿಮ್ಮದು ತಪ್ಪಿಲ್ಲ, ತಡವಾಗಿದೆ ಅಷ್ಟೆ. ಮುಂದಿನ ಸಲ ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಮಾಡಿ. ಹೊರಸುತ್ತಿನ ಮುದಿ ಎಲೆಯೂ ಬೇಡ, ಸುಳಿಯ ಎಳೆಯದೂ ಬೇಡ, ನಡುಸುತ್ತಿನದನ್ನು ಆರಿಸಿ, ತೊಟ್ಟನ್ನು ಒಂದಂಗುಲದಷ್ಟು ಉಳಿಸಿ ಹರಿತವಾದ ಬ್ಲೇಡಿನಿಂದ ಓರೆಯಾಗಿ ಕೊಯ್ಯಿರಿ. ಓರೆಯಾಗಿ ಕೊಯ್ದಷ್ಟೂ ಮರಿ ಮೂಡುವ ಜಾಗ ಹೆಚ್ಚು. ಒಂದು ಎಲೆಯಿಂದ ಮೂರರಿಂದ ಐದು ಮರಿ ಬರುವುದು ಸಾಮಾನ್ಯ. ಒಂದು ಮಾತು: ಎಸಳಿನ ನಡುವೆ ಗಾಲಿಯ ಕಡ್ಡಿಗಳಂತೆ ಪಟ್ಟೆಗಳಿರುವ ತಳಿ ನಿಮ್ಮದಾಗಿದ್ದರೆ ಎಲೆಯಿಂದ ಆ ಪಟ್ಟೆ ಬರುವುದಿಲ್ಲ. ಆ ಹೂವಿನ ಎರಡು ಬಣ್ಣ ಎರಡು ಬೇರೆ ಪದರದ ಜೀವಕೋಶಗಳದ್ದು, ಮರಿ ಹುಟ್ಟುವುದು ಒಂದೇ ಪದರದಿಂದ. ಅಂಥ ತಳಿಯನ್ನು ಪಕ್ಕದ ಕಂದಿನಿಂದಲೇ ಬೆಳೆಸಬೇಕು.

ಸೀಸೆಯಲ್ಲಿರುವ ಎಲೆಯನ್ನು ಈ ವಾರವೇ ಹೊರತೆಗೆಯಿರಿ. ನೀರಿನಲ್ಲಿ ಬೆಳೆದ ಬೇರು ಉದ್ದವಾಗಿ, ಮುರುಕಲಾಗಿ ಇರುತ್ತದೆ. ಅದನ್ನು ಅರ್ಧ ಅಂಗುಲಕ್ಕೆ ಕತ್ತರಿಸಿ, ಎಲೆಯ ಮೇಲಿನ ಮೂರನೇ ಒಂದು ಭಾಗವನ್ನೂ ಅಡ್ಡಲಾಗಿ ಕೊಯ್ದುಹಾಕಿ, ಇಲ್ಲದಿದ್ದರೆ ಆ ಎಲೆ ತಾನೇ ಬೆಳೆಯುತ್ತ ಮರಿಯನ್ನು ಮರೆಯುತ್ತದೆ. ತಳಕ್ಕೆ ತೂತು ಮಾಡಿದ ಚಹಾ ಕಪ್ಪಿನಲ್ಲಿ, ಹಿಂಡಿದರೆ ಹನಿ ಬೀಳದಷ್ಟು ಮಾತ್ರ ತೇವವಿರುವ ಮಿಶ್ರಣ ತುಂಬಿ, ತೊಟ್ಟು ಅರ್ಧ ಅಂಗುಲ ಹೂಳುವಂತೆ ನೆಟ್ಟು, ಒಳಕೋಣೆಯ ಟ್ಯೂಬಿನ ಕೆಳಗೆ ಆ ಎರಡು ಗಿಡಗಳ ಜೊತೆಗಿಡಿ. ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಮುಚ್ಚಿ, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ಕಾರಹುಣ್ಣಿಮೆಯ ಹೊತ್ತಿಗೆ ತೊಟ್ಟಿನ ಬುಡದಲ್ಲಿ ಇಲಿಯ ಕಿವಿಯಷ್ಟು ಎಲೆಗಳು ಕಂಡರೆ, ಅವು ತಾಯಿ ಎಲೆಯ ಮೂರನೇ ಒಂದು ಭಾಗದಷ್ಟು ಬೆಳೆಯುವವರೆಗೆ ಬೇರ್ಪಡಿಸಬೇಡಿ.